ಪುರಾಣ ಬಿಟ್ಟ ತೆರಪು, ಗುಡ್ಡರು ಹೇಳಿದ ಕಾರಣ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಮಂಟೇಸ್ವಾಮಿ ಮತ್ತು ಮಲೆ ಮಹದೇಶ್ವರ ಮಹಾಕಾವ್ಯಗಳನ್ನು ಭಕ್ತಿಯ ಹಾಡುಗಳೆಂದು, ಪವಾಡಗಳ ಮಾಲೆಯೆಂದು, ಇಲ್ಲವೇ ಊರ ಹೊರಗೆ ಇಡಲ್ಪಟ್ಟ ಸಮುದಾಯಗಳ ಪ್ರತಿಭಟನೆಯ ದನಿಯೆಂದು ವಿದ್ವಾಂಸರು ಓದಿದ್ದಾರೆ. ಈ ಓದುಗಳೆಲ್ಲದರಲ್ಲಿಯೂ ಸತ್ಯವಿದೆ. ಆದರೆ ಈ ಕಾವ್ಯಗಳು ಸದ್ದಿಲ್ಲದೆ ಮಾಡಿಕೊಂಡು ಬಂದಿರುವ ಇನ್ನೊಂದು ಕೆಲಸಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಗ್ರಂಥಗಳಲ್ಲಿ ನೆಲೆಗೊಂಡ ಪುರಾಣವು ನಡೆದುದನ್ನು ಹೇಳಿ ಕಾರಣವನ್ನು ಹೇಳದೆ ಬಿಟ್ಟ ಎಡೆಗಳನ್ನು ಹುಡುಕಿ, ನಡೆದ ಘಟನೆಯನ್ನು ಅಲ್ಲಗಳೆಯದೆ, ಅದಕ್ಕೆ ಪುರಾಣಕಾರನು ಕೊಟ್ಟುದಕ್ಕಿಂತ ಹೆಚ್ಚು ಒಪ್ಪುವ ಕಾರಣವೊಂದನ್ನು ಒದಗಿಸುವುದೇ ಆ ಕೆಲಸ. ಹಾಡುವವನು ಇಲ್ಲಿ ಕಥೆಯ ಭಕ್ತನೂ ಹೌದು, ಅದರ ಅತ್ಯಂತ ನಿಷ್ಠುರ ವಿಮರ್ಶಕನೂ ಹೌದು.

ಇದೇ ಬಗೆಯ ಕೆಲಸವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈಜ್ಞಾನಿಕ ಕಥೆ ಮತ್ತು ಚಲನಚಿತ್ರಗಳ ಅಭಿಮಾನಿಗಳು ಮಾಡತೊಡಗಿದರು. ಮೂಲ ಕೃತಿಯಲ್ಲಿ ಉಳಿದ ಅಸಂಗತಿಯನ್ನು ನೇರ್ಪಡಿಸಲು ಅವರು ಕಟ್ಟುವ ವಿವರಣೆಗೆ ಅಭಿಮಾನಿ ಸಿದ್ಧಾಂತವೆಂಬ ಹೆಸರು ಬಂದಿತು, ಕರ್ತೃವೋ ನಿರ್ಮಾಪಕನೋ ಒಪ್ಪಿದ ಪಠ್ಯಕ್ಕೆ ಪ್ರಮಾಣಪಠ್ಯವೆಂಬ ಸ್ಥಾನ ದೊರೆಯಿತು. 1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಹಾನ್ ಸೋಲೊ ಎಂಬ ನಾವಿಕನು ತನ್ನ ನೌಕೆಯ ವೇಗವನ್ನು ಹೊಗಳಿಕೊಳ್ಳುತ್ತ, ಒಂದು ದುರ್ಗಮ ದಾರಿಯನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದುದಾಗಿ ಹೇಳುತ್ತಾನೆ. ಪಾರ್ಸೆಕ್ ಎಂಬುದು ಸುಮಾರು 3.26 ಜ್ಯೋತಿರ್ವರ್ಷಗಳ ದೂರವನ್ನು ಸೂಚಿಸುವ ಮಾನವೇ ಹೊರತು ಕಾಲದ ಮಾನವಲ್ಲವಾದುದರಿಂದ ಆ ಮಾತು ತಪ್ಪಾಗಿ ಕೇಳಿಸುತ್ತದೆ. ಅಭಿಮಾನಿಗಳು ಆ ಮಾತನ್ನು ಅಳಿಸಲಿಲ್ಲ. ಆ ದಾರಿಯು ಕಪ್ಪುಕುಳಿಗಳ ಬದಿಯಲ್ಲಿ ಸಾಗುತ್ತದೆ, ಎದೆಗಾರಿಕೆಯುಳ್ಳವನು ಅವುಗಳಿಗೆ ಹತ್ತಿರವಾಗಿ ಹಾಯ್ದು ದೂರವನ್ನೇ ಕಡಿಮೆ ಮಾಡಿಕೊಳ್ಳಬಲ್ಲನು ಎಂದು ವಿವರಿಸಿದರು, ಮತ್ತು ಅಡ್ಡದಾರಿಯ ಈ ವಿವರಣೆಯ ಒಂದು ರೂಪವು 2018ರಲ್ಲಿ ಅದೇ ಕಥಾಸರಣಿಯ ಚಿತ್ರವೊಂದರಲ್ಲಿ ಕಾಣಿಸಿಕೊಂಡಿತು. 'ಸ್ಟಾರ್ ಟ್ರೆಕ್' ಸರಣಿಯ ಕ್ಲಿಂಗನ್ ಜನಾಂಗದವರ ಹಣೆ 1960ರ ದಶಕದಲ್ಲಿ ನುಣುಪಾಗಿದ್ದು 1979ರ ಚಿತ್ರದಲ್ಲಿ ಏಕಾಏಕಿ ಏಣುಗಟ್ಟಿದುದಕ್ಕೆ ನಿರ್ಮಾಪಕರಿಂದ ಕಥೆಯೊಳಗಿನ ಪೂರ್ಣ ಕಾರಣ ಸಿಕ್ಕಿದ್ದು 2005ರಲ್ಲಿ. ಅಷ್ಟು ವರ್ಷ ಆ ತೆರಪನ್ನು ತುಂಬಿದವರು ನೋಡುಗರೇ. ಈ ಉದಾಹರಣೆಗಳಿಂದ ಒಂದು ಅಳತೆಗೋಲು ದೊರೆಯುತ್ತದೆ. ಒಳ್ಳೆಯ ಅಭಿಮಾನಿ ಸಿದ್ಧಾಂತವು ಮೂಲದ ಯಾವ ಘಟನೆಯನ್ನೂ ಸುಳ್ಳಾಗಿಸುವುದಿಲ್ಲ, ಹೊಸ ಘಟನೆಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಸೇರಿಸುವುದಿಲ್ಲ, ಮತ್ತು ಅದನ್ನು ಕೇಳಿದ ಬಳಿಕ ಮೂಲಕಥೆಯು ಮೊದಲಿಗಿಂತ ಹೆಚ್ಚು ಅರ್ಥವಾಗುತ್ತದೆ.

ಮನರಂಜನೆಗಾಗಿ ಕಟ್ಟಿದ ಕಥೆಯನ್ನೂ ಜನರು ಹರಕೆ ಹೊತ್ತು ನಡೆದು ಬರುವ ದೈವದ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಇಲ್ಲಿನ ಉದ್ದೇಶವಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರನಿಗೆ ಆ ಕಾವ್ಯದ ಸಿದ್ದಪ್ಪಾಜಿಯು ಪಾತ್ರವಲ್ಲ, ಒಡೆಯ. ಹೋಲಿಕೆಯಿರುವುದು ತರ್ಕದ ರೀತಿಯಲ್ಲಿ ಮಾತ್ರ, ಮತ್ತು ಆ ತರ್ಕವು ಈ ಸೀಮೆಯಲ್ಲಿ ಎಷ್ಟು ಹಳೆಯದು, ಎಷ್ಟು ಗಂಭೀರವಾದುದು ಎಂಬುದನ್ನು ಗುರುತಿಸಲು ಆ ಹೋಲಿಕೆ ನೆರವಾಗುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಆಡಳಿತದ ಇತಿಹಾಸವು ಒಂದೇ ಆಗಿರಲಿಲ್ಲ. ಇತ್ತೀಚಿನವರೆಗೂ ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಬ್ರಿಟಿಷರ ಕಾಲದಲ್ಲಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಬಂದಿತು. ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೆ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟ ಊರು. 1956ರ ಬಳಿಕ ಇವೆಲ್ಲ ಮೈಸೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿದವು. ಸರ್ಕಾರದ ಗಡಿಗಳು ಹೀಗೆ ಬೇರೆಬೇರೆಯಾಗಿದ್ದರೂ ಹಾಡಿನ ಸೀಮೆ ಒಂದೇ ಆಗಿತ್ತು, ಅದು ಕಾವೇರಿಯನ್ನು ದಾಟಿ ಮಳವಳ್ಳಿಯವರೆಗೂ ಹರಡಿತ್ತು.

ಈ ಸೀಮೆಯಲ್ಲಿ ಹಾಡುವ ಹಕ್ಕು ದೀಕ್ಷೆಯಿಂದ ಬರುತ್ತದೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಒಕ್ಕಲಿನಲ್ಲಿ ದೀಕ್ಷೆ ಪಡೆದ ಗಾಯಕರನ್ನು ನೀಲಗಾರರೆಂದು ಕರೆಯುತ್ತಾರೆ. ತಂಬೂರಿ, ಡಕ್ಕಿ ಮತ್ತು ಗಗ್ಗರ ಅವರ ವಾದ್ಯಗಳು, ಬಹುಪಾಲು ನೀಲಗಾರರು ದಲಿತ ಮತ್ತಿತರ ದುಡಿಯುವ ಸಮುದಾಯಗಳಿಂದ ಬಂದವರು. ಮಹದೇಶ್ವರನ ಒಕ್ಕಲಿನವರು ದೇವರಗುಡ್ಡರು. ಗುಡ್ಡನೆಂದರೆ ದೈವಕ್ಕೆ ಬಿಟ್ಟ ಶಿಷ್ಯ. ಇವರಲ್ಲಿ ಹಾಲುಮತದ ಕುರುಬರು ಹೆಚ್ಚು, ಕಂಚಿನ ಕಂಸಾಳೆ ಇವರ ಗುರುತು. ಇಬ್ಬರ ಕಾವ್ಯಗಳೂ ರಾತ್ರಿಯಿಡೀ ಹಾಡುವಷ್ಟು ದೀರ್ಘವಾಗಿದ್ದು, 'ಸಾಲು' ಎಂದು ಕರೆಯುವ ಭಾಗಗಳಾಗಿ ವಿಂಗಡವಾಗಿವೆ. ಮುಂದಾಳು ಹಾಡಿನ ನಡುವೆ ಮಾತಿಗಿಳಿದು ಕಥೆಯನ್ನು ಬಿಡಿಸಿ ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲೆತ್ತುತ್ತಾರೆ, ಹೂಂಗುಟ್ಟುತ್ತಾರೆ, ಹೀಗೇಕಾಯಿತೆಂದು ಕೇಳುತ್ತಾರೆ. ಓಲೆಗರಿಯ ಮುಂದೆ ಕುಳಿತ ಕವಿಯನ್ನು ಯಾರೂ ನಡುವೆ ತಡೆದು ಕೇಳುವುದಿಲ್ಲ. ಗುಡ್ಡನ ಎದುರಿಗೆ ಕುಳಿತ ಒಕ್ಕಲಿಗನೂ ಅಗಸನೂ ಕುಲುಮೆಯವನೂ ಕೇಳುತ್ತಾರೆ, ಅವರಿಗೆ ಒಪ್ಪದ ಕಾರಣವು ಮುಂದಿನ ಪರಿಸೆಯವರೆಗೆ ಉಳಿಯುವುದು ಕಷ್ಟ. ಈ ಕಾವ್ಯಗಳಲ್ಲಿ ಕಾರಣಗಳು ಇಷ್ಟು ಗಟ್ಟಿಯಾಗಿರುವುದರ ಹಿಂದೆ ಈ ಪ್ರಶ್ನೋತ್ತರದ ಒತ್ತಡವಿದೆಯೆಂದು ಭಾವಿಸಲು ಅವಕಾಶವಿದೆ.

ಇವರು ಕೈಹಾಕಿದ ತೆರಪುಗಳಲ್ಲಿ ಅತ್ಯಂತ ದೊಡ್ಡದು ಕಲ್ಯಾಣದ ಪತನ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರ ಸಮೂಹವು ಕೆಲವೇ ವರ್ಷಗಳಲ್ಲಿ ಚೆದುರಿಹೋದುದಕ್ಕೆ ವೀರಶೈವ ಪುರಾಣಗಳು ಕೊಡುವ ಕಾರಣ ಎಲ್ಲರಿಗೂ ತಿಳಿದಿರುವಂಥದು: ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ದೊರೆ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಕ್ರೂರ ಶಿಕ್ಷೆ ವಿಧಿಸಿದನು, ಅದರ ಬೆನ್ನಿಗೇ ಬಿಜ್ಜಳನ ಕೊಲೆಯಾಗಿ ಶರಣರು ಉಳವಿಯ ಕಡೆಗೂ ಇತರ ದಿಕ್ಕುಗಳಿಗೂ ತೆರಳಿದರು. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಬರೆದ ಬಸವಪುರಾಣ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಮೊದಲಾದ ಕೃತಿಗಳಿಂದ ಬಸವಣ್ಣನ ಚರಿತ್ರೆಗೆ ಪ್ರಮಾಣಪಠ್ಯದ ಗೌರವ ಲಭಿಸಿತು. ಈ ಸೀಮೆಯೂ ಆ ಪರಂಪರೆಗೆ ಹೊರತಾಗಿರಲಿಲ್ಲ. ಬಸವಣ್ಣನ ಚರಿತ್ರೆಯನ್ನು ಪ್ರೌಢ ಚಂಪೂ ಶೈಲಿಯಲ್ಲಿ ಹೇಳುವ 'ವೃಷಭೇಂದ್ರ ವಿಜಯ'ವನ್ನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ಷಡಕ್ಷರದೇವನು ಯಳಂದೂರಿನ ಮಠದೊಡನೆ ಸಂಬಂಧವಿದ್ದವನು. ಒಂದೇ ನೆಲದಲ್ಲಿ ಒಂದು ಕಡೆ ಪಂಡಿತನ ಕಲ್ಯಾಣವೂ ಇನ್ನೊಂದು ಕಡೆ ನೀಲಗಾರನ ಕಲ್ಯಾಣವೂ ಬಾಳಿದವೆಂಬುದು ಕರ್ನಾಟಕದ ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದ ಸಂಗತಿ.

ಪುರಾಣದ ವಿವರಣೆಯಲ್ಲಿ ತೆರಪಿರುವುದು ಎಲ್ಲಿ? ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿದ್ದರೆಂದು ಪರಂಪರೆ ಹೇಳುತ್ತದೆ. ಪ್ರಾಣವನ್ನೇ ಲಿಂಗಕ್ಕೆ ಒಪ್ಪಿಸಿದ ಇಷ್ಟು ಮಂದಿ ಒಂದೆಡೆ ನಿಂತಿದ್ದರೆ ಒಬ್ಬ ದೊರೆಯ ಆಜ್ಞೆಯಿಂದ, ಒಂದು ಮದುವೆಯ ಗಲಭೆಯಿಂದ ಆ ಕಟ್ಟಡವೆಲ್ಲ ಕುಸಿಯುವುದು ಹೇಗೆ ಎಂಬ ಪ್ರಶ್ನೆಗೆ ಪುರಾಣವು ಕಾಲದ ಮಹಿಮೆಯೆಂದೋ ಶಿವನ ಲೀಲೆಯೆಂದೋ ಉತ್ತರಿಸಿ ಮುಂದೆ ಸಾಗುತ್ತದೆ. ಅದೇ ಪುರಾಣವು ಬಸವಣ್ಣನ ದಾಸೋಹಕ್ಕೆ ವೇಷಧಾರಿಗಳೂ ಬರುತ್ತಿದ್ದರೆಂಬುದನ್ನು ಮುಚ್ಚಿಡುವುದಿಲ್ಲ. ಲಿಂಗದ ಬದಲು ಬದನೆಕಾಯಿ ಕಟ್ಟಿಕೊಂಡು ಬಂದ ಕಪಟಿಗಳನ್ನೂ ಬಸವಣ್ಣನು ಶಿವನೆಂದೇ ಭಾವಿಸಿ ನಮಿಸಿದಾಗ ಆ ಬದನೆಕಾಯಿಗಳು ಲಿಂಗಗಳೇ ಆದವೆಂಬ ಪ್ರಸಂಗವು ಬಸವಪುರಾಣದ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಪುರಾಣಕಾರನಿಗೆ ಅದು ಬಸವಣ್ಣನ ಭಕ್ತಿಯ ಹಿರಿಮೆಗೆ ಸಾಕ್ಷಿ. ಹಾಗೆ ಬಂದವರು ಮುಂದೆ ಏನಾದರು, ಅವರ ಸಂಖ್ಯೆ ಎಷ್ಟಕ್ಕೆ ಬೆಳೆಯಿತು, ಆಪತ್ತು ಬಂದ ದಿನ ಅವರು ಎಲ್ಲಿ ನಿಂತರು ಎಂಬುದನ್ನು ಅವನು ವಿಚಾರಿಸುವುದಿಲ್ಲ.

ನೀಲಗಾರರು ವಿಚಾರಿಸಿದ್ದು ಅದನ್ನೇ. ಅವರ ಕಾವ್ಯದ ಕಲ್ಯಾಣದ ಸಾಲಿನಲ್ಲಿ, 'ಧರೆಗೆ ದೊಡ್ಡವರು' ಎಂದು ಒಕ್ಕಲು ಕರೆಯುವ ಮಂಟೇಸ್ವಾಮಿಯು ಕುಷ್ಠ ಹಿಡಿದ ಮೈಯಲ್ಲಿ, ನೊಣ ಮುತ್ತಿಕೊಂಡು, ಹೆಂಡ ಮಾಂಸಗಳೊಡನೆ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಶರಣರಿಗೆ ಜಾತಿಯಿಲ್ಲ, ಜಂಗಮರಿಗೆ ಹೇಸಿಕೆಯಿಲ್ಲ ಎಂದು ಸಾರುವ ಆ ನಗರದ ಬಾಗಿಲು ಅವನಿಗೆ ತೆರೆಯುವುದಿಲ್ಲ. ದಾಸೋಹದ ಊಟಕ್ಕೆ ಕೂಡಿದ ಜಂಗಮರು ಅವನ ನಾತಕ್ಕೆ ಮೂಗು ಮುಚ್ಚಿಕೊಂಡು ಓಡುತ್ತಾರೆ, ಅವನು ತಿಪ್ಪೆಯ ಪಾಲಾಗುತ್ತಾನೆ. ಕಡೆಗೆ ಅವನನ್ನು ಗುರುತಿಸಿ, ಮುಟ್ಟಿ, ಎತ್ತಿಕೊಂಡು ಹೋಗುವವರು ಬಸವಣ್ಣ ಮತ್ತು ಅವನ ಮಡದಿ ನೀಲಮ್ಮ ಮಾತ್ರ. ಲಕ್ಷದ ಲೆಕ್ಕದಲ್ಲಿದ್ದ ಶರಣರಲ್ಲಿ ನಿಜದವರು ಬೆರಳೆಣಿಕೆಯಷ್ಟೆಂಬುದು ಅಲ್ಲಿ ಬಯಲಾಗುತ್ತದೆ. ಇದನ್ನು ಕೇಳಿದ ಬಳಿಕ ಕಲ್ಯಾಣದ ಪತನವು ಹೊರಗಿನಿಂದ ಎರಗಿದ ಆಕಸ್ಮಿಕವಾಗಿ ಉಳಿಯುವುದಿಲ್ಲ. ಬಿಜ್ಜಳನೂ ಇದ್ದಾನೆ, ಮದುವೆಯೂ ನಡೆದಿದೆ, ಶರಣರೂ ಚೆದುರಿದ್ದಾರೆ. ಪುರಾಣದ ಒಂದು ಘಟನೆಯೂ ಕದಲಿಲ್ಲ. ಆದರೆ ಆ ಏಟಿಗೆ ಕಲ್ಯಾಣವು ಮುರಿದುಬಿದ್ದುದು ಅದರ ಒಳಮರಕ್ಕೆ ಗೆದ್ದಲು ಹಿಡಿದಿದ್ದುದರಿಂದ ಎಂಬ ಕಾರಣವು ಈಗ ಕೈಗೆ ಸಿಕ್ಕಿದೆ.

ಈ ವಿವರಣೆಗೆ ಬರವಣಿಗೆಯ ಪರಂಪರೆಯಲ್ಲಿಯೇ ಒಂದು ಬೀಜವಿತ್ತೆಂಬುದನ್ನು ಗಮನಿಸಬೇಕು. ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಸಂಭಾಷಣೆಯ ರೂಪದಲ್ಲಿ ಜೋಡಿಸಿ ಕಥೆಯಾಗಿಸಿದ ಶೂನ್ಯಸಂಪಾದನೆಯಲ್ಲಿ, ಅಲ್ಲಮಪ್ರಭುವಿಗೆ ಬಸವಣ್ಣನು ಮೊದಲ ಮನ್ನಣೆ ಕೊಟ್ಟುದಕ್ಕೆ ಮುನಿದ ಜಂಗಮರು ಊಟದ ಹೊತ್ತಿನಲ್ಲಿ ಎದ್ದು ಹೊರಡುವ ಪ್ರಸಂಗವಿದೆ. ಬಿಡಿ ವಚನಗಳ ನಡುವಿನ ಖಾಲಿ ಜಾಗವನ್ನು ಕಥೆಯಿಂದ ತುಂಬಿದ ಸಂಪಾದನಕಾರರೂ ಒಂದು ಅರ್ಥದಲ್ಲಿ ಇದೇ ಕಸುಬಿನವರು. ಆದರೆ ಅವರು ಆ ಮುನಿಸನ್ನು ಸಂಧಾನದಿಂದ ಮುಗಿಸಿ ಅನುಭಾವದ ಚರ್ಚೆಗೆ ಮರಳಿದರು. ನೀಲಗಾರರು ಅದನ್ನು ಮುಗಿಸದೆ, ಅದರ ಫಲವನ್ನು ಕೊನೆಯವರೆಗೆ ಹಿಂಬಾಲಿಸಿದರು. ಕಥೆಯ ನ್ಯಾಯದ ದೃಷ್ಟಿಯಿಂದ ನೀಲಗಾರರ ದಾರಿಯೇ ಹೆಚ್ಚು ಧೀರವಾದುದೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಪಂಡಿತ ಪರಂಪರೆಯು ಶರಣ ಸಮೂಹದ ಸಂಖ್ಯೆಯನ್ನು ಅದರ ಬಲವೆಂದು ಎಣಿಸಿತು, ದಾಸೋಹದ ಪಂಕ್ತಿಯ ತುದಿಯಲ್ಲಿ ನಿಲ್ಲಿಸಲ್ಪಟ್ಟವರ ಮಕ್ಕಳು ಆ ಸಂಖ್ಯೆಯನ್ನೇ ಸಂಶಯಿಸಿದರು.

ಎರಡನೆಯ ತೆರಪು ಅಲ್ಲಮಪ್ರಭುವಿನ ಕೊನೆಗೆ ಸಂಬಂಧಿಸಿದ್ದು. ಅವನು ಕಲ್ಯಾಣವನ್ನು ಬಿಟ್ಟು ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂದು ಗ್ರಂಥಗಳು ಹೇಳುತ್ತವೆ. ಊರೂರು ತಿರುಗಿ ಎಡವಿದವರನ್ನು ತಿದ್ದಿದ ಆ ಜಂಗಮನು, ತಿದ್ದುವ ಕೆಲಸ ಅತ್ಯಂತ ಅಗತ್ಯವಾಗಿದ್ದ ಗಳಿಗೆಯಲ್ಲಿ ಜಗತ್ತಿನಿಂದ ಮರೆಯಾಗುವುದೇಕೆ? ನೀಲಗಾರರ ಹಲವು ಪಾಠಗಳಲ್ಲಿ ಮಂಟೇಸ್ವಾಮಿಯೇ ಪ್ರಭುದೇವ. ಅವನು ಮರೆಯಾಗಲಿಲ್ಲ, ಕಲ್ಯಾಣದಲ್ಲಿ ಕಂಡುದರಿಂದ ಬೇಸತ್ತು ತೆಂಕಣಕ್ಕೆ ನಡೆದು, ಕಾವೇರಿಯ ಸೀಮೆಯಲ್ಲಿ ಹೊಸದಾಗಿ ಶಿಶುಮಕ್ಕಳನ್ನು, ಅಂದರೆ ಶಿಷ್ಯರನ್ನು, ಹುಡುಕಿಕೊಂಡನು. ಮಂಟೇಸ್ವಾಮಿಯ ಕಾಲವನ್ನು ಸಂಶೋಧಕರು ಸಾಮಾನ್ಯವಾಗಿ ಹದಿನೈದು, ಹದಿನಾರನೆಯ ಶತಮಾನಗಳ ಸುತ್ತ ಇಡುವುದರಿಂದ ಚರಿತ್ರೆಯ ಲೆಕ್ಕದಲ್ಲಿ ಇಬ್ಬರೂ ಒಬ್ಬರಾಗಲಾರರು. ಕಾವ್ಯದ ಲೆಕ್ಕ ಬೇರೆ. ಪ್ರಭುವು ಹುಡುಕಿದ ಶಿಷ್ಯನು ಯಾರೆಂಬುದರಲ್ಲಿ ಈ ಸಿದ್ಧಾಂತದ ಸೊಗಸಿದೆ: ನಿಡಘಟ್ಟದ ಕುಲುಮೆಯ ಮನೆಯ ಹುಡುಗ ಕೆಂಪಾಚಾರಿ. ಅವನನ್ನು ಪಡೆಯಲು ಮಂಟೇಸ್ವಾಮಿಯು ಆ ಮನೆಯವರನ್ನು ಕಾಡುತ್ತಾನೆ, ಪಡೆದ ಮೇಲೆ ಆ ಹುಡುಗನನ್ನೂ ಕಠಿಣ ಪರೀಕ್ಷೆಗಳಿಗೆ ಒಡ್ಡಿ ಸಿದ್ದಪ್ಪಾಜಿಯಾಗಿಸುತ್ತಾನೆ, ಬಳಿಕ ಹಲಗೂರಿನ ಪಾಂಚಾಳರ, ಎಂದರೆ ಅವನದೇ ಕುಲದ ಕಮ್ಮಾರರ, ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಕೇಳಿದವರಿಗೆಲ್ಲ ಲಿಂಗ ಕೊಟ್ಟು ಸಂಖ್ಯೆ ಬೆಳೆಸಿದ ಕಲ್ಯಾಣದಲ್ಲಿ ಆದುದನ್ನು ಕಂಡ ಗುರುವು ಈ ಬಾರಿ ಒಬ್ಬನನ್ನೇ ಆರಿಸಿ ಕಾಯಿಸಿ ಬಡಿದು ಹದಮಾಡುತ್ತಾನೆ. ಮಂಟೇಸ್ವಾಮಿಯ ಈ ಕ್ರೌರ್ಯವು ಹೊರಗಿನ ಓದುಗರನ್ನು ಬೆಚ್ಚಿಬೀಳಿಸುವುದುಂಟು. ಕಲ್ಯಾಣದ ಸಾಲನ್ನು ಮೊದಲು ಕೇಳಿದವನಿಗೆ ಅದು ಅರ್ಥವಾಗುತ್ತದೆ.

ಮಂಟೇಸ್ವಾಮಿಯ ಗದ್ದಿಗೆಯು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿಯೂ, ರಾಚಪ್ಪಾಜಿಯ ಗದ್ದಿಗೆ ಕಪ್ಪಡಿಯಲ್ಲಿಯೂ, ಸಿದ್ದಪ್ಪಾಜಿಯ ಗದ್ದಿಗೆ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿಯೂ, ಅದೇ ಒಕ್ಕಲಿನ ಲಿಂಗಯ್ಯ ಚನ್ನಯ್ಯರದು ಅದೇ ಸೀಮೆಯ ಕುರುಬನಕಟ್ಟೆಯಲ್ಲಿಯೂ ಇವೆ. ಕಥೆಯು ನೆಲದ ಮೇಲೆ ಹೀಗೆ ಗುರುತುಗಳನ್ನು ಬಿಟ್ಟಿರುವುದರಿಂದ, ಕಲ್ಯಾಣವು ಅಳಿದ ಬಳಿಕ ಅದರ ಸತ್ವವು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಇಲ್ಲಿನವರು ಕೈ ತೋರಿಸಿ ಉತ್ತರಿಸಬಲ್ಲರು.

ಮಹದೇಶ್ವರನ ಕಾವ್ಯದಲ್ಲಿ ಈ ತರ್ಕವು ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಉತ್ತರದಿಂದ ಸುತ್ತೂರು, ಕುಂತೂರುಗಳ ದಾರಿಯಾಗಿ ಎಪ್ಪತ್ತೇಳು ಮಲೆಗೆ ಬಂದು ನೆಲೆಸಿದ ಮಾದಪ್ಪನ ಮೊದಲ ದೊಡ್ಡ ಕಾರ್ಯವೆಂದರೆ ಬಂಕಾಪುರಿಯ ದೊರೆ ಶ್ರವಣನ ಸಂಹಾರ. ಶ್ರವಣನು ದೇವಾನುದೇವತೆಗಳನ್ನು ಸೆರೆಹಿಡಿದು ಬಿಟ್ಟಿ ಚಾಕರಿಗೆ ಹಚ್ಚಿರುತ್ತಾನೆ. ಬಲಿಷ್ಠನಾದ ರಕ್ಕಸನನ್ನು ಕೊಲ್ಲಬೇಕಾದಾಗ ಸಂಸ್ಕೃತ ಪುರಾಣಗಳು ಚಕ್ರವನ್ನೋ ತ್ರಿಶೂಲವನ್ನೋ ಹೊಸದೊಂದು ಅವತಾರವನ್ನೋ ತರುತ್ತವೆ; ಆದರೆ ಚಕ್ರದವನೂ ಇತರ ದೇವರೂ ಇಲ್ಲಿ ಸೆರೆಯಲ್ಲಿದ್ದಾರೆ. ಮಹದೇಶ್ವರನು ಮಾದಿಗನ ವೇಷದಲ್ಲಿ ಅರಗಿನ ಪಾದರಕ್ಷೆಗಳನ್ನು ಒಪ್ಪಿಸುತ್ತಾನೆ, ಅವುಗಳ ಅಂದಕ್ಕೆ ಮರುಳಾದ ಶ್ರವಣನು ಮೆಟ್ಟಿಕೊಂಡು ಕಾದ ಬಂಡೆಯ ಮೇಲೆ ಕಾಲಿಡುತ್ತಾನೆ, ಅರಗು ಕರಗಿ ಕಾಲು ಕಚ್ಚಿಕೊಂಡು ಸುಟ್ಟು ಸಾಯುತ್ತಾನೆ. ಅಧಿಕಾರಸ್ಥನು ಎಲ್ಲರಿಂದ ತನ್ನನ್ನು ಕಾಪಾಡಿಕೊಂಡರೂ ತನ್ನ ಪಾದದ ಬಳಿ ಕುಳಿತವನನ್ನು ಎಣಿಕೆಗೆ ತಂದುಕೊಳ್ಳುವುದಿಲ್ಲವೆಂಬ ಅರಿವು, ಆ ಜಾಗದಲ್ಲಿ ತಲೆಮಾರುಗಳಿಂದ ಕುಳಿತವರಿಗೆ ಮಾತ್ರ ಹೊಳೆಯಬಹುದಾದ ಉಪಾಯ.

ಕೆಲವು ಗಾಯಕರ ಪಾಠಗಳಲ್ಲಿ ಈ ಪಾದರಕ್ಷೆಯೊಡನೆ ಹರಳಯ್ಯನ ಹೆಸರು ಸೇರಿಕೊಂಡಿರುವುದು ಬಹಳ ಮಹತ್ವದ ಸಂಗತಿ. ಕಲ್ಯಾಣದ ಪ್ರಮಾಣಕಥೆಯಲ್ಲಿ ಮಗನ ಮದುವೆಯ ಕಾರಣಕ್ಕೆ ದೊರೆಯ ಶಿಕ್ಷೆಗೆ ಗುರಿಯಾಗಿ ಸತ್ತವನು ಹರಳಯ್ಯ. ತನ್ನ ಮತ್ತು ತನ್ನ ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದವನೆಂದು ಜನಪ್ರಿಯ ಐತಿಹ್ಯವು ನೆನೆಯುವುದೂ ಅವನನ್ನೇ. ಆ ಕಥೆಯಲ್ಲಿ ಅವನ ಕಸುಬು ತ್ಯಾಗಕ್ಕೆ ಮಾತ್ರ ಸಲ್ಲುತ್ತದೆ, ಅವನ ಸಾವಿಗೆ ಅವನ ಕುಲದವರಿಂದ ಉತ್ತರ ದೊರೆಯುವುದಿಲ್ಲ. ಮಲೆಯ ಹಾಡಿನಲ್ಲಿ ಅದೇ ಹೆಸರಿನವನ ಅದೇ ಕಸುಬು ದೇವತೆಗಳನ್ನು ಸೆರೆಯಿಂದ ಬಿಡಿಸುತ್ತದೆ. ಶ್ರವಣನು ಯಾರೆಂಬುದರ ಬಗ್ಗೆ ವಿದ್ವಾಂಸರೂ ತಮ್ಮ ಊಹೆಗಳನ್ನು ಮುಂದಿಟ್ಟಿದ್ದಾರೆ. ಅವನ ಹೆಸರಿನಲ್ಲಿ ಜೈನ ಶ್ರಮಣರ ನೆನಪನ್ನು ಕಂಡು, ಈ ಸೀಮೆಯಲ್ಲಿ ಜೈನ ಪ್ರಾಬಲ್ಯವು ಕುಗ್ಗಿ ಶೈವವು ತಲೆಯೆತ್ತಿದ ಕಾಲದ ಸಂಘರ್ಷವನ್ನು ಓದಿದವರಿದ್ದಾರೆ. ಆ ಊಹೆ ಸಾಧ್ಯವಾದುದೇ. ಆದರೆ ಅದು ಶ್ರವಣನನ್ನು ವಿವರಿಸುತ್ತದೆ, ಪಾದರಕ್ಷೆಯನ್ನು ವಿವರಿಸುವುದಿಲ್ಲ. ಪಾದರಕ್ಷೆಯನ್ನು ವಿವರಿಸಲು ಹರಳಯ್ಯನ ಕಡೆಗೇ ತಿರುಗಬೇಕಾಗುತ್ತದೆ.

ಅದೇ ಕಾವ್ಯದ ಸಂಕಮ್ಮನ ಸಾಲನ್ನು ಇಲ್ಲಿ ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ಜೇನು ಬೇಟೆಗೆ ಕಾಡಿನೊಳಕ್ಕೆ ಹೊರಟ ಗಂಡನು ಅವಳ ಶೀಲದ ಬಗ್ಗೆ ಬಲಗೈ ಭಾಷೆ ಕೊಡೆಂದು ಕೇಳಿದಾಗ ಸಂಕಮ್ಮನು ಕೊಡಲು ಒಪ್ಪುವುದಿಲ್ಲ, ಅದಕ್ಕಾಗಿ ಅವನು ಕೊಟ್ಟ ಹಿಂಸೆಯಿಂದ ಅವಳನ್ನು ಪಾರುಮಾಡುವವನು ಮಹದೇಶ್ವರ. ಅವನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯರು ಹುಟ್ಟುತ್ತಾರೆ, ಕಾರಯ್ಯನನ್ನು ಸೋಲಿಗರು ತಮ್ಮ ಮೂಲಪುರುಷನೆಂದು ಗೌರವಿಸುತ್ತಾರೆ. ಬೆಂಕಿಗೆ ಇಳಿದು ಶೀಲವನ್ನು ಸಾಬೀತುಮಾಡಿದ ಹೆಣ್ಣಿನ ಕಥೆಯನ್ನು ಕೇಳಿಕೊಂಡು ಬೆಳೆದ ನಾಡಿನಲ್ಲಿ, ಸಾಬೀತುಪಡಿಸಲು ಒಪ್ಪದ ಹೆಣ್ಣಿನ ಪಕ್ಕದಲ್ಲಿ ದೈವವು ನಿಲ್ಲುತ್ತದೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಪ್ರಮಾಣಪಠ್ಯದ ಸ್ಥಾನದಲ್ಲಿರುವುದು ಸ್ಥಳಪುರಾಣ. ಬಿಳಿಯ ಬಂಡೆಯ ತುದಿಯ ಈ ಕ್ಷೇತ್ರವು ಚಂಪಕಾರಣ್ಯವೆಂದು, ಮೂರ್ತಿಯನ್ನು ವಸಿಷ್ಠರು ಪ್ರತಿಷ್ಠಾಪಿಸಿದರೆಂದು ಅದು ಹೇಳುತ್ತದೆ. ಶ್ರೀರಂಗಪಟ್ಟಣದಲ್ಲಿಯೂ ಸಮೀಪದ ಶಿವನಸಮುದ್ರದಲ್ಲಿಯೂ ನದಿಯ ನಡುವೆ ಶೇಷನ ಮೇಲೆ ಪವಡಿಸಿರುವ ರಂಗನಾಥನು ಇಲ್ಲಿ ಮಾತ್ರ ಬೆಟ್ಟದ ಮೇಲೆ, ದಟ್ಟ ಕಾಡಿನ ನಡುವೆ, ನಿಂತಿದ್ದಾನೆ. ಹೊಳೆಯ ದೇವರು ಕಾಡಿಗೆ ಬಂದುದೇಕೆ, ಬಂದವನು ಮರಳಿ ಹೋಗದೆ ಉಳಿದುದೇಕೆ ಎಂದು ಕೇಳಿದರೆ ಋಷಿಯ ಕಥೆಯಲ್ಲಿ ತೃಪ್ತಿಕರವಾದ ಉತ್ತರ ಸಿಗುವುದಿಲ್ಲ. ಸೋಲಿಗರಲ್ಲಿ ಸಿಗುತ್ತದೆ. ರಂಗಪ್ಪನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನು. ಆದುದರಿಂದ ಅವನು ಸೋಲಿಗರಿಗೆ ಬಾವ, ಅವನು ಕಾಡಿನಲ್ಲಿರುವುದು ಹೆಂಡತಿಯ ತವರಿನಲ್ಲಿ. ದೇವಾಲಯದ ವೈಷ್ಣವ ಪೂಜಾಕ್ರಮವನ್ನು ಈ ಕಥೆ ನಿರಾಕರಿಸುವುದಿಲ್ಲ, ರಂಗನಾಯಕಿಯನ್ನೂ ಅಲ್ಲಗಳೆಯುವುದಿಲ್ಲ. ಎಲ್ಲವನ್ನೂ ಇದ್ದಲ್ಲಿಯೇ ಇಟ್ಟು, ಅದಕ್ಕೆ ಒಂದು ನೆಂಟಸ್ತಿಕೆಯನ್ನು ಕೂಡಿಸುತ್ತದೆ, ಮತ್ತು ಆ ನೆಂಟಸ್ತಿಕೆಯ ಮೂಲಕ ಕಾಡಿನವರಿಗೆ ದೇವರ ಮೇಲೆ ಪೂಜಾರಿಯ ಅಪ್ಪಣೆ ಬೇಡದ ಸಲಿಗೆಯನ್ನು ಕೊಡುತ್ತದೆ. ಈ ಬೆಟ್ಟದ ದೇವರಿಗೆ ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಒಪ್ಪಿಸುವ ಪದ್ಧತಿಯಿದ್ದು, ರಂಗಪ್ಪನು ರಾತ್ರಿಯ ಹೊತ್ತು ಅವನ್ನು ಮೆಟ್ಟಿ ಕಾಡಿನಲ್ಲಿ ತಿರುಗಾಡುತ್ತಾನೆಂಬ ನಂಬಿಕೆ ಆ ಪದ್ಧತಿಯೊಡನೆ ಬೆರೆತಿದೆ. ಮಲಗಿರುವ ರಂಗನಿಗೆ ಪಾದರಕ್ಷೆ ಬೇಕಾಗಿರಲಿಲ್ಲ. ನಿಂತ ರಂಗನಿಗೆ ಬೇಕು, ಕಾಡು ಸುತ್ತುವ ಬಾವನಿಗೆ ಇನ್ನೂ ಹೆಚ್ಚು ಬೇಕು.

ಜನರ ವಿವರಣೆಯು ಎಲ್ಲೆಡೆಯಲ್ಲಿಯೂ ಮೇಲೆಂದು ಹೇಳುವುದು ನ್ಯಾಯವಾಗದು. ಕಾವೇರಿಯ ಆಚೆ ದಡದ ತಲಕಾಡು ಮರಳಿನಲ್ಲಿ ಹೂತುಹೋದುದಕ್ಕೆ, 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರ ಕಾಲದ ಅಲಮೇಲಮ್ಮನ ಶಾಪವು ಕಾರಣವೆಂಬ ಪ್ರಸಿದ್ಧ ಕಥೆಗಿಂತ, ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಅಣೆಕಟ್ಟು, ನದಿಯ ತಿರುವಿನಲ್ಲಿ ಬಯಲಿಗೆ ಬಿದ್ದ ಮರಳು ಮತ್ತು ಬೇಸಿಗೆಯ ಗಾಳಿಯನ್ನು ಮುಂದಿಡುವ ಸಂಶೋಧಕರ ವಿವರಣೆಯೇ ಗಟ್ಟಿಯಾದುದು. ಮರಳಿನ ಚಲನೆಯನ್ನು ತಿಳಿಯಲು ಹಾಡು ತಕ್ಕ ಸಾಧನವಲ್ಲ. ಮನುಷ್ಯರು ಕೂಡಿ ಕಟ್ಟಿದುದು ಏಕೆ ಮುರಿಯಿತು, ದೇವರು ಯಾರ ಮನೆಯವನು, ಅಧಿಕಾರವು ಎಲ್ಲಿ ಕುರುಡಾಗಿರುತ್ತದೆ ಎಂಬ ಪ್ರಶ್ನೆಗಳಲ್ಲಿ ಈ ಗಾಯಕರ ಅಧಿಕಾರವನ್ನು ಒಪ್ಪಬೇಕಾಗುತ್ತದೆ.

ಈ ವಿವರಣೆಗಳು ಬಹುಕಾಲ ಬಾಯಿಂದ ಬಾಯಿಗೆ ಸಾಗಿ, ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಿಗೆ ಬಂದವು. ಜೀ.ಶಂ. ಪರಮಶಿವಯ್ಯನವರಂಥ ಹಿರಿಯ ಜಾನಪದ ವಿದ್ವಾಂಸರ ದುಡಿಮೆಯ ಜೊತೆಗೆ, 1973ರಲ್ಲಿ ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ ಕಾವ್ಯವು ಪ್ರಕಟವಾಯಿತು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಹದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿಯೂ, ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿಯೂ ಹೊರತಂದಿತು. ಎಚ್.ಎಸ್. ಶಿವಪ್ರಕಾಶರ ನಾಟಕಗಳು ಮಹದೇಶ್ವರನನ್ನೂ ಮಂಟೇಸ್ವಾಮಿಯನ್ನೂ ನಗರದ ರಂಗಕ್ಕೆ ತಂದವು, ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿಸುರುಳಿಗಳು ಸೀಮೆಯ ಮನೆಮನೆಗಳನ್ನು ಮುಟ್ಟಿದವು. ಅಚ್ಚಾದ ಪಾಠವು ಮುಂದೆ ತಾನೇ ಪ್ರಮಾಣವಾಗಿಬಿಡುವ ಅಪಾಯವನ್ನು ಸಂಪಾದಕರು ಅರಿತಿದ್ದರು. ಯಾವ ಗಾಯಕನ ಪಾಠವೆಂದು ಅವರು ಹೆಸರಿಸಿದುದು ಬಹುಮುಖ್ಯವಾದ ನಡೆ, ಏಕೆಂದರೆ ಇನ್ನೊಬ್ಬ ಗಾಯಕನಿಗೆ ಇನ್ನೊಂದು ಕಾರಣವನ್ನು ಹೇಳುವ ಅವಕಾಶವನ್ನು ಅದು ಉಳಿಸಿತು. ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ ಹುಲಿಯ ಮೇಲೆ ಕುಳಿತ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆಯು ಅನಾವರಣಗೊಂಡಿತು. ಹಾಡಿನ ಒಂದು ಚಿತ್ರವನ್ನು ಸರ್ಕಾರವು ಹೀಗೆ ತನ್ನದಾಗಿಸಿಕೊಂಡಿತು. ಪಾದರಕ್ಷೆಯನ್ನು ಕೈಯಲ್ಲಿ ಹಿಡಿದ ಮಾದಾರಿಯ ರೂಪವು ಇಂದಿಗೂ ಗುಡ್ಡರ ಬಾಯಲ್ಲಿಯೇ ಇದೆ.

ಈ ಬಗೆಯ ವಿವರಣೆಗಳ ನಡುವಣ ಪೈಪೋಟಿ ಹಳೆಯ ಕಾಲದ ಮಾತಲ್ಲವೆಂಬುದಕ್ಕೆ ಚಿಕ್ಕಲ್ಲೂರಿನ ಜಾತ್ರೆಯೇ ಸಾಕ್ಷಿ. ಬನದ ಹುಣ್ಣಿಮೆಯಂದು ಆರಂಭವಾಗಿ ಐದು ದಿನ ನಡೆಯುವ ಈ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲವನ್ನು ಹೊತ್ತಿಸುತ್ತಾರೆ. ಬಿದಿರು ಮತ್ತು ಬಟ್ಟೆಗಳಿಂದ ಕಟ್ಟಿದ ಆ ಆಕೃತಿಯು ಯಾವ ದಿಕ್ಕಿಗೆ ಹೆಚ್ಚಾಗಿ ಉರಿಯುತ್ತದೆಯೋ ಆ ದಿಕ್ಕಿನ ಸೀಮೆಗೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂದು ನಂಬಿಕೆ. ಹೊಸ ನೀಲಗಾರರಿಗೆ ದೀಕ್ಷೆಯಾಗುವುದೂ ಇದೇ ಜಾತ್ರೆಯಲ್ಲಿ. ನಾಲ್ಕನೆಯ ದಿನದ ಪಂಕ್ತಿಸೇವೆಯಲ್ಲಿ ಒಕ್ಕಲಿನವರು ಬಯಲಿನಲ್ಲಿ ಬಿಡಾರ ಹೂಡಿ, ಮಾಂಸದ ಅಡುಗೆ ಮಾಡಿ, ಸಿದ್ದಪ್ಪಾಜಿಯ ಹೆಸರಿನಲ್ಲಿ ಎಡೆ ಇಟ್ಟು, ನೆಂಟರನ್ನೂ ಹಾದುಹೋಗುವವರನ್ನೂ ಕೂರಿಸಿಕೊಂಡು ಒಟ್ಟಿಗೆ ಉಣ್ಣುತ್ತಾರೆ. 2010ರ ದಶಕದಲ್ಲಿ, 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಹೆಸರಿನಲ್ಲಿ ಇದನ್ನು ತಡೆಯುವ ಪ್ರಯತ್ನಗಳು ನಡೆದವು. ಆಡಳಿತದ ವಿವರಣೆ ಸರಳವಾಗಿತ್ತು: ದೇವರ ಜಾಗದಲ್ಲಿ ಪ್ರಾಣಿಯನ್ನು ಕೊಯ್ದರೆ ಅದು ಬಲಿ. ಒಕ್ಕಲಿನವರು ಮತ್ತು ಅವರ ಪರವಾಗಿ ಮಾತನಾಡಿದ ಲೇಖಕರು ಕೊಯ್ದುದನ್ನು ಅಲ್ಲಗಳೆಯಲಿಲ್ಲ. ಗದ್ದಿಗೆಗೆ ರಕ್ತವನ್ನು ಅರ್ಪಿಸುವುದಿಲ್ಲ, ಇಲ್ಲಿ ನಡೆಯುವುದು ದೇವರಿಗೆ ಕೊಡುವ ಬಲಿಯಲ್ಲ, ಜಾತಿಯ ಅಂತರವಿಲ್ಲದೆ ಕುಳಿತು ಉಣ್ಣುವ ಸಹಪಂಕ್ತಿ ಎಂದು ವಾದಿಸಿದರು. ನೀಲಗಾರರ ಕಲ್ಯಾಣದ ಸಾಲನ್ನು ಬಲ್ಲವರಿಗೆ ಈ ವಾದದ ಮೂಲವು ಕೂಡಲೇ ಗೋಚರಿಸುತ್ತದೆ. ಹೆಂಡ ಮಾಂಸಗಳೊಡನೆ ಬಾಗಿಲಿಗೆ ಬಂದ ಗುರುವನ್ನು ಕಂಡು ಜಂಗಮರು ಎದ್ದು ಓಡಿದುದು ಊಟದ ಪಂಕ್ತಿಯಿಂದಲೇ ಆಗಿತ್ತು. ಆ ಗುರುವಿನ ಶಿಷ್ಯನ ಗದ್ದಿಗೆಯ ಮುಂದೆ ಪ್ರತಿವರ್ಷ ಅದೇ ಎಡೆಯನ್ನು ಹಾಕಿ ಯಾರೂ ಎದ್ದು ಹೋಗದಂತೆ ಪಂಕ್ತಿಯನ್ನು ಕೂರಿಸುವುದು ಅವರ ಸೇವೆ.